ಕೈಗೆ ಮರಳಿದ ವೇಷಗಾರ

"ಈ ಸಲ ಕುದುರೆ ಬರತ್ತೆ, ನೋಡ್ತಾ ಇರು," ಅಂದ ಲಿಫ್ಟ್ ಮೆಕ್ಯಾನಿಕ್.

ಹುಡುಗಿ ತಲೆ ಎತ್ತಲಿಲ್ಲ. ಅವಳ ಫೋನಿನ ಪರದೆಯ ಕೆಳಗೆ ಕಾರ್ಡುಗಳು ಬೀಸಣಿಗೆಯ ಹಾಗೆ ಹರಡಿಕೊಂಡಿದ್ದವು. ಎದುರಾಳಿಯ ಸರದಿ ಮುಗಿದು ಇವಳದ್ದು ಬಂದ ಕೂಡಲೇ ಎಡತುದಿಯ ಕಾರ್ಡಿನ ಸುತ್ತ ನೀಲಿ ಬಳೆಯೊಂದು ಗಿರ್ರನೆ ತಿರುಗಿ ನಿಂತಿತು. ಬಂದದ್ದು ಕಪ್ಪೆ.

"ಕುದುರೆಗೆ ಕಾಲು ಸ್ವಲ್ಪ ಚಿಕ್ಕದಾಯ್ತು," ಅಂದಳು ಹುಡುಗಿ.

ಸೋಫಾದ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು, ನಡುವೆ ಒಂದು ದಿಂಬು. ಆ ದಿಂಬನ್ನು ಅಲ್ಲಿಡಬೇಕೆಂದು ಯಾರೂ ಹೇಳಿರಲಿಲ್ಲ, ಆದರೆ ಯಾರೂ ಅದನ್ನು ತೆಗೆಯುತ್ತಲೂ ಇರಲಿಲ್ಲ. ಅವನು ಅವಳ ಅಮ್ಮನನ್ನು ಮದುವೆಯಾಗಿ ಆರೇಳು ತಿಂಗಳಾಗಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ಸಂಜೆಯ ಪಾಳಿ. ಹಾಗಾಗಿ ಅವನು ಕೆಲಸದಿಂದ ಬಂದು, ಕೈಯ ಗ್ರೀಸ್ ತಿಕ್ಕಿ ತೊಳೆದುಕೊಂಡ ಮೇಲೆ, ಊಟದ ಹೊತ್ತಿನವರೆಗೆ ಮನೆಯಲ್ಲಿ ಇವರಿಬ್ಬರೇ.

ಹುಡುಗಿಗೆ ಹದಿಮೂರು. ಹೆತ್ತ ಅಪ್ಪ ತೀರಿಕೊಂಡಾಗ ಅವಳಿನ್ನೂ ತಪ್ಪುಹೆಜ್ಜೆ ಇಡುತ್ತಿದ್ದಳಂತೆ. ಮೆಕ್ಯಾನಿಕ್ಕನ್ನು ಅವಳು ಏನೆಂದೂ ಕರೆಯುತ್ತಿರಲಿಲ್ಲ. ಅಪ್ಪ ಅನ್ನು ಎಂದು ಅವನು ಕೇಳಿದವನಲ್ಲ, ಅಂಕಲ್ ಅನ್ನುವುದು ಅವಳ ಬಾಯಿಗೆ ಬಂದಿರಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ಕೆಮ್ಮುತ್ತಿದ್ದಳು, ಇಲ್ಲವೇ "ಇಲ್ನೋಡಿ" ಅನ್ನುತ್ತಿದ್ದಳು. ಅವನೇನೂ ಕಮ್ಮಿಯಿರಲಿಲ್ಲ. ಅಮ್ಮ ಅವಳನ್ನು ಮರಿ ಎಂದು ಕರೆಯುವುದನ್ನು ಕೇಳಿ ಕೇಳಿ ಆ ಮಾತು ಅವನ ನಾಲಿಗೆಯ ತುದಿಗೂ ಬರುತ್ತಿತ್ತು. ಬಂದದ್ದನ್ನು ನುಂಗಿಕೊಂಡು "ನೋಡಮ್ಮ" ಅನ್ನುತ್ತಿದ್ದ. ಈ ಮನೆಯಲ್ಲಿ ತಾನೂ ಒಬ್ಬ ಅನ್ನುವುದು ಅವಳ ಲೆಕ್ಕಕ್ಕೆ ಬರಬೇಕು ಅನ್ನುವುದೊಂದೇ ಅವನ ಆಸೆ. ಅದಕ್ಕೆ ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ.

ದಾರಿ ಮಾಡಿಕೊಟ್ಟದ್ದು ಆ ಕಾರ್ಡು. ಒಂದು ಸಂಜೆ ಅವಳ ಹಿಂದಿನಿಂದ ಹಾದುಹೋಗುವಾಗ, ಪರದೆಯ ಮೇಲಿದ್ದ ಹಕ್ಕಿಯೊಂದು ಕಣ್ಣೆದುರೇ ಕಮ್ಮಾರನಾದದ್ದನ್ನು ಅವನು ನೋಡಿದ. ಮೆಕ್ಯಾನಿಕ್ಕುಗಳ ಬುದ್ಧಿ, ಇಂಥದ್ದನ್ನು ಕಂಡು ಸುಮ್ಮನೆ ಮುಂದಕ್ಕೆ ಹೋಗುವುದು ಸಾಧ್ಯವೇ ಇಲ್ಲ.

"ಆ ಎಲೆ ಯಾಕೆ ಹಾಗಾಡ್ತಿದೆ?" ಅಂದ.

"ಎಲೆ ಅಲ್ಲ, ಕಾರ್ಡು. ಅದು ವೇಷಗಾರ."

ಆಮೇಲೆ ಅವಳು ಹೇಳಿದ್ದು ಅಷ್ಟು ತಿಂಗಳಲ್ಲಿ ಅವನೊಂದಿಗೆ ಆಡಿದ ಅತಿ ಉದ್ದದ ಮಾತು. ಇಬ್ಬರಿಗೂ ಒಂದೊಂದು ಕೋಟೆ. ಕೈಯಲ್ಲಿರುವ ಕಾರ್ಡುಗಳನ್ನು ಕಣಕ್ಕೆ ಇಳಿಸಿ ಎದುರಾಳಿಯ ಕೋಟೆ ಒಡೆಯಬೇಕು. ಬೇರೆ ಕಾರ್ಡುಗಳು ಏನೋ ಅದೇ. ವೇಷಗಾರ ಮಾತ್ರ ಕೈಯಲ್ಲಿರುವಷ್ಟು ಹೊತ್ತು ಪ್ರತಿ ಸರದಿಗೂ ಇನ್ನೊಂದಾಗುತ್ತಾನೆ. ಇಳಿಸಿದ ಗಳಿಗೆಯಲ್ಲಿ ಏನಾಗಿರುತ್ತಾನೋ ಕಣದಲ್ಲಿ ಅದೇ ಆಗಿ ಉಳಿಯುತ್ತಾನೆ.

"ಸುಮ್ಸುಮ್ನೆ ಹಾಗೆ ಬದಲಾಗಲ್ಲ. ಒಳಗೆ ಒಂದು ಕ್ರಮ ಇದ್ದೇ ಇರತ್ತೆ," ಅಂದ ಅವನು. ಕಾರಣವಿಲ್ಲದೆ ಮೂರನೇ ಮಹಡಿಯಲ್ಲಿ ನಿಲ್ಲುವ ಲಿಫ್ಟಿನ ಹೊಟ್ಟೆ ಬಿಚ್ಚಿದರೆ ಎಲ್ಲೋ ಒಂದು ಸತ್ತ ಜಿರಳೆ ಸಿಕ್ಕೇ ಸಿಗುತ್ತದೆ ಅನ್ನುವುದು ಅವನ ಅನುಭವ. ಅವತ್ತಿನಿಂದ ಸಂಜೆ ಸಂಜೆ ಕೂತು ಜಿರಳೆ ಹುಡುಕಿದ. ಹಕ್ಕಿಯಾದ ಮೇಲೆ ಮನುಷ್ಯ, ಮನುಷ್ಯನಾದ ಮೇಲೆ ಪ್ರಾಣಿ ಎಂದು ಒಂದು ಲೆಕ್ಕ ಕಟ್ಟಿದ. ಅದು ಮಣ್ಣುಪಾಲಾದಾಗ ಅಗ್ಗದ್ದು, ದುಬಾರಿ, ಅಗ್ಗದ್ದು ಎಂದು ಇನ್ನೊಂದು ಕಟ್ಟಿದ. ಹೇಳಿದ್ದರಲ್ಲಿ ಒಂದಾದರೂ ನಿಜವಾಗಬೇಕಲ್ಲ, ಆಗಲಿಲ್ಲ. ಅವನ ಲೆಕ್ಕ ತಪ್ಪಿದಾಗಲೆಲ್ಲ ಹುಡುಗಿಗೆ ಒಳಗೊಳಗೇ ಖುಷಿ.

ಅವಳ ಪಟ್ಟುಗಳೇ ಬೇರೆ. ವೇಷಗಾರನನ್ನು ಯಾವಾಗಲೂ ಎಡತುದಿಯಲ್ಲಿಟ್ಟು, ಉಳಿದ ಕಾರ್ಡುಗಳನ್ನೆಲ್ಲ ನೋಡಿ ಮುಗಿದ ಮೇಲೆ ಕಡೆಯಲ್ಲಿ ಅದನ್ನು ನೋಡುತ್ತಿದ್ದಳು. "ಮೊದಲೇ ನೋಡಿದ್ರೆ ಆಸೆ ಆಗತ್ತೆ. ಅದು ಇಲ್ಲ ಅಂದ್ಕೊಂಡೇ ಆಡ್ಬೇಕು." ಕೈಯಲ್ಲಿದ್ದಾಗ ಅದಕ್ಕೆ ಕವಚ, ಕತ್ತಿ ಏನನ್ನೂ ತೊಡಿಸಬಾರದು, ವೇಷ ಬದಲಾದಾಗ ಅವೂ ಮಾಯ. ಇನ್ನೊಂದು ಗುಟ್ಟು ಅಂದರೆ ನೀಲಿ ಬಳೆ ತಿರುಗುವುದು ಎದುರಾಳಿಗೂ ಕಾಣುತ್ತದೆ. ಒಳಗೆ ಕಪ್ಪೆಯಿದೆಯೋ ಡ್ರ್ಯಾಗನ್ ಇದೆಯೋ ತಿಳಿಯದೆ ಅವನು ತನ್ನ ಒಳ್ಳೆಯ ಸೈನಿಕರನ್ನು ಹಿಂದೆಯೇ ಇಟ್ಟುಕೊಳ್ಳುತ್ತಾನೆ. ಹಾಗಾಗಿ ವೇಷಗಾರ ಕೈಯಲ್ಲಿದ್ದರೇ ಲಾಭ.

"ಹಾಗಾದ್ರೆ ನೀನು ಅದನ್ನ ಇಳಿಸಿದ್ದೇ ಇಲ್ವಾ?"

"ಇಲ್ಲ. ಇಳಿಸಿದ್ರೆ ಅದೇ ಆಗಿಬಿಡತ್ತೆ."

"ಅದನ್ನೇ ಯಾರಾದ್ರೂ ವಾಪಸ್ ಕೈಗೆ ಕಳಿಸಿದ್ರೆ?" ಆಟದಲ್ಲಿ ಗಾಳಿ ಅನ್ನುವ ಕಾರ್ಡೊಂದಿತ್ತು. ಕಣದಲ್ಲಿ ನಿಂತ ಯಾರನ್ನಾದರೂ ಹಿಡಿದು ಅವರವರ ಕೈಗೇ ಊದಿಬಿಡುವುದು ಅದರ ಕೆಲಸ. "ಆಗ ಮತ್ತೆ ವೇಷ ಹಾಕ್ತಾನಾ, ಇಲ್ಲ ಹಾಗೇ ಇರ್ತಾನಾ?"

ಹುಡುಗಿ ಮೊದಲ ಸಲ ಫೋನಿನಿಂದ ಕಣ್ಣೆತ್ತಿ ಅವನನ್ನು ನೇರವಾಗಿ ನೋಡಿದಳು. "ಗೊತ್ತಿಲ್ಲ," ಅಂದಳು. "ನೆಟ್ಟಲ್ಲಿ ಹುಡುಕಿದ್ರೆ ಸಿಗತ್ತೆ. ಆದ್ರೆ ಹುಡುಕೋದು ಬೇಡ."

"ಬೇಡ ಬೇಡ," ಅಂದ ಅವನು. ಇಬ್ಬರಿಗೂ ಒಂದೇ ಪ್ರಶ್ನೆ ಹುಳದ ಹಾಗೆ ತಲೆ ಹೊಕ್ಕಿತು. ಅವನಿಗೆ ಅದರಿಂದ ಆದ ಸಂತೋಷ ಅಷ್ಟಿಷ್ಟಲ್ಲ.

ಸಂತೋಷ ಬಹಳ ದಿನ ಬಾಳಲಿಲ್ಲ. ಬೇರೆ ಊರಿನಲ್ಲಿ ಹೊಸ ಕಟ್ಟಡವೊಂದಕ್ಕೆ ಲಿಫ್ಟ್ ಕೂರಿಸುವ ಕೆಲಸ ಬಂತು, ಕಂಪನಿ ಅವನನ್ನು ಹಾಕಿತು. ಒಂದೂವರೆ ತಿಂಗಳಾದರೂ ಬೇಕು. ಊಟಕ್ಕೆ ಕೂತಾಗ ವಿಷಯ ಹೇಳಿದ. ಹುಡುಗಿ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ಮಾರನೇ ಸಂಜೆ ಸೋಫಾದಲ್ಲಿ ಅವನೂ ದಿಂಬೂ ಮಾತ್ರ. ಅವಳ ಕೋಣೆಯ ಬಾಗಿಲು ಹಾಕಿತ್ತು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ರಾತ್ರಿ ಹೆಂಡತಿಯನ್ನು ಕೇಳಿದ. ಅವಳು ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ನಿಮ್ಮಿಂದಲ್ಲ ರೀ. ನನ್ನ ತಮ್ಮ ಮೊದಲು ನಮ್ಮ ಜೊತೆಗೇ ಇದ್ನಲ್ಲ, ಇವಳನ್ನ ಸ್ಕೂಲಿಗೆ ಬಿಡೋದು, ಕರ್ಕೊಂಡು ಬರೋದು ಎಲ್ಲಾ ಅವನೇ. ಸದಾ ಅವನ ಹೆಗಲ ಮೇಲೇ ಇರ್ತಿದ್ಲು. ಆಮೇಲೆ ಕೆಲಸ ಸಿಕ್ತು ಅಂತ ಹೋದ. ಹೋಗೋವಾಗ ಮನೆಯವನಾಗಿ ಹೋದ, ಬರೋವಾಗ ನೆಂಟನಾಗಿ ಬಂದ. ಬೆಲ್ ಒತ್ತಿದ, ಸ್ವೀಟ್ ಡಬ್ಬ ಕೊಟ್ಟ, ಕುರ್ಚಿ ತುದೀಲಿ ಕೂತು ಚಹಾ ಕುಡಿದು ಎದ್ದ. ಇವಳು ಹತ್ರಕ್ಕೇ ಹೋಗ್ಲಿಲ್ಲ. ಅವನು ಅತ್ಲಾಗೆ ಹೋದ್ಮೇಲೆ ನನ್ನ ಹತ್ರ ಬಂದು, 'ಅಮ್ಮಾ, ಮಾಮ ಯಾವಾಗ ಬರ್ತಾನೆ' ಅಂತ ಕೇಳಿದ್ಲು."

ಮೆಕ್ಯಾನಿಕ್ಕಿಗೆ, ನಾನು ಹಾಗೆ ಬರುವುದಿಲ್ಲ ಎಂದು ಹೋಗಿ ಹೇಳಿಬಿಡೋಣ ಅನ್ನಿಸಿತು. ಆದರೆ ಅಂಥ ಮಾತು ಯಾರ ಬಾಯಲ್ಲಾದರೂ ಜಾಹೀರಾತಿನ ಹಾಗೇ ಕೇಳಿಸುತ್ತದೆ. ಹೊರಡುವ ದಿನ ಬೆಳಿಗ್ಗೆ ಮುಚ್ಚಿದ ಬಾಗಿಲಿನ ಹೊರಗೆ ನಿಂತು, "ಆ ಆಟ ನನ್ನ ಫೋನಿಗೂ ಹಾಕ್ಕೊಂಡಿದೀನಿ. ನಿನಗೆ ಮನಸ್ಸಾದ್ರೆ ಆಡೋಣ," ಅಂದ. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟ.

ಹೊಸ ಊರಿನಲ್ಲಿ ಕಟ್ಟಡದ ಪಕ್ಕದಲ್ಲೇ ತಗಡಿನ ಕೋಣೆ, ಅದರಲ್ಲಿ ನಾಲ್ಕು ಜನ ಫಿಟ್ಟರುಗಳು. ಆಟಕ್ಕೆ ಬಾ ಎಂದು ಅವನು ಕಳಿಸಿದ ಕರೆ ಒಂದು ವಾರ ಹಾಗೇ ಬಿದ್ದಿತ್ತು. ಆಮೇಲೆ ಒಂದು ಮಧ್ಯಾಹ್ನ ಫೋನು ಟಿಣ್ ಅಂದಿತು. ಅವಳು ಬಂದಿದ್ದಳು. ಗೆಳೆಯರ ಆಟದಲ್ಲಿ ಗಡಿಯಾರ ಓಡುವುದಿಲ್ಲ. ತನ್ನ ಸರದಿಯನ್ನು ಯಾರು ಯಾವಾಗ ಬೇಕಾದರೂ ಆಡಬಹುದು, ಅಲ್ಲಿಯವರೆಗೆ ಆಟ ಕಾಯುತ್ತಿರುತ್ತದೆ. ಅವಳು ಸ್ಕೂಲು ಬಿಟ್ಟು ಬಂದು ಆಡುತ್ತಿದ್ದಳು, ಅವನು ಊಟದ ಬಿಡುವಿನಲ್ಲಿ ಲಿಫ್ಟಿನ ಖಾಲಿ ಬಾವಿಯ ಪಕ್ಕ ಕೂತು ಆಡುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಅವಳ ಎಡತುದಿಯ ಕಾರ್ಡಿನ ನೀಲಿ ಬಳೆ ಪ್ರತಿ ಸಲ ತಿರುಗುವುದು ಮಾತ್ರ ಅವನಿಗೆ ಕಾಣುತ್ತಿತ್ತು. ಒಳಗೇನಿದೆಯೋ ಎಂದು ಅವನಿಗೂ ನಿಜವಾಗಿ ಭಯವಾಗುತ್ತಿತ್ತು. ಮೂರು ಆಟ ಸೋತ.

ನಾಲ್ಕನೆಯದರಲ್ಲಿ ಅದೃಷ್ಟ ಅವನ ಕಡೆ ವಾಲಿ, ಅವನ ಸೈನಿಕರು ಅವಳ ಕೋಟೆಯ ಬುಡಕ್ಕೆ ಬಂದುಬಿಟ್ಟರು. ಆಗ ಎಡತುದಿಯ ಕಾರ್ಡು ಕೈಯಿಂದ ಎದ್ದು ಕಣಕ್ಕೆ ಇಳಿಯಿತು. ಅವನು ತಿನ್ನುತ್ತಿದ್ದದ್ದನ್ನು ಬಿಟ್ಟು ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಡ್ರ್ಯಾಗನ್ ಅಲ್ಲ, ಕುದುರೆಯೂ ಅಲ್ಲ. ದ್ವಾರಪಾಲಕ. ಮೀಸೆ ಬಿಟ್ಟು ಕೋಲು ಹಿಡಿದ ಈ ಆಸಾಮಿ ಆಟದಲ್ಲೇ ಅಗ್ಗದ ಕಾರ್ಡು. ಯಾರ ಮೇಲೂ ಏರಿ ಹೋಗುವವನಲ್ಲ. ಬಾಗಿಲಲ್ಲಿ ನಿಂತು ಬಿದ್ದ ಏಟು ತಿನ್ನುವುದಷ್ಟೇ ಅವನ ಕೆಲಸ.

ಫೋನು ಬಡಿದುಕೊಂಡಿತು. ಅವಳಿಂದ ಬಂದ ಮೊದಲ ಕರೆ.

"ನೋಡಿದ್ರಾ?"

"ನೋಡ್ದೆ. ಹೋಗಿ ಹೋಗಿ ಅವನನ್ನ ಯಾಕೆ ಇಳಿಸ್ದೆ?"

"ನೀವು ಬಾಗಿಲ ತನಕ ಬಂದಿದ್ರಲ್ಲ. ಆ ಹೊತ್ತಿಗೆ ಅವನೇ ಇದ್ದ." ಆಮೇಲೆ ಕೇಳಿದಳು, "ನಿಮ್ಮ ಹತ್ರ ಗಾಳಿ ಇದೆಯಾ?"

ಇಲ್ಲ ಅನ್ನಬಹುದಿತ್ತು. "ಇದೆ," ಅಂದ.

"ಊದಿ."

"ಊದಿದ್ರೆ ನೀನು ಸೋತೆ ಅಂತಾನೇ ಲೆಕ್ಕ."

"ಸೋತ್ರೆ ಸೋಲ್ತೀನಿ. ಏನಾಗತ್ತೆ ಅಂತ ನೋಡ್ಬೇಕು."

ಅವನು ಊದಿದ. ದ್ವಾರಪಾಲಕ ಕೋಲಿನ ಸಮೇತ ಹಾರಿ ಹೋಗಿ ಅವಳ ಕೈಯ ಎಡತುದಿ ಸೇರಿದ. ಇವನಿಗೆ ಕಾಣುವುದು ಈಗ ಕಾರ್ಡಿನ ಬೆನ್ನು ಮಾತ್ರ.

"ಏನಾಯ್ತು?" ಅಂದ.

"ನಾನು ಸರದಿ ಶುರು ಮಾಡಿದ್ರೆ ತಾನೇ ಗೊತ್ತಾಗೋದು. ಶುರು ಮಾಡಲ್ಲ."

"ಯಾಕೆ?"

"ನೀವು ಬಂದ್ಮೇಲೆ," ಅಂದು ಫೋನಿಟ್ಟಳು.

ಉಳಿದ ದಿನಗಳನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಬಿಡುವಾದಾಗಲೆಲ್ಲ ಆಟ ತೆರೆಯುತ್ತಿದ್ದ, 'ಎದುರಾಳಿಯ ಸರದಿ' ಅನ್ನುವ ಸಾಲು ಓದಿ ಮುಚ್ಚುತ್ತಿದ್ದ. ಹೆಂಡತಿಯ ಫೋನು ಬಂದರೆ, "ಅವಳೇನಾದ್ರೂ ಆಡಿಬಿಟ್ಲಾ?" ಎಂದು ಕೇಳುತ್ತಿದ್ದ. "ಫೋನನ್ನ ದಿಂಬಿನ ಕೆಳಗಿಟ್ಟು ಕಾಯ್ತಿದಾಳೆ," ಅನ್ನುತ್ತಿದ್ದಳು ಅವಳು.

ಕೆಲಸ ಮುಗಿಸಿ ಊರಿಗೆ ಬಂದಾಗ ಸಂಜೆಯಾಗಿತ್ತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಸ್ವೀಟ್ ಡಬ್ಬವೊಂದನ್ನು ಕೈಗೆತ್ತಿಕೊಂಡವನು, ಏನೋ ನೆನಪಾಗಿ ವಾಪಸ್ ಇಟ್ಟ. ಅಂಗಡಿಯವನು ಗುರಾಯಿಸಿದ. ಮನೆಯ ಮುಂದೆ ನಿಂತಾಗ ಕೈ ತಾನಾಗಿಯೇ ಬೆಲ್ಲಿನ ಕಡೆ ಹೋಗಿತ್ತು. ಕೈ ಕೆಳಗಿಳಿಸಿ, ಜೇಬೆಲ್ಲ ತಡಕಾಡಿ ತನ್ನ ಬೀಗದ ಕೈ ತೆಗೆದ. ಆ ಬಾಗಿಲು ಮೊದಲಿನಿಂದಲೂ ಸ್ವಲ್ಪ ಕುಸಿದಿತ್ತು, ಮೇಲೆತ್ತಿ ತಳ್ಳಿದರೆ ಮಾತ್ರ ಬೀಗ ತಿರುಗುತ್ತಿತ್ತು. ಮೇಲೆತ್ತಿ ತಳ್ಳಿದ. ಒಳಗೆ ಬಂದು ಬಾಗಿಲ ಹಿಂದಿನ ಮೊಳೆಗೆ ಕೆಲಸದ ಚೀಲ ತಗುಲಿಹಾಕಿದ.

ಹುಡುಗಿ ಸೋಫಾದ ತನ್ನ ತುದಿಯಲ್ಲಿದ್ದಳು. ಚೀಲವನ್ನು ನೋಡಿದಳು, ಅವನ ಖಾಲಿ ಕೈ ನೋಡಿದಳು.

"ಕೈ ತೊಳ್ಕೊಂಡು ಬನ್ನಿ. ಗ್ರೀಸ್ ಹತ್ತಿದ ಕೈಯಲ್ಲಿ ಫೋನ್ ಮುಟ್ಟೋ ಹಾಗಿಲ್ಲ," ಅಂದಳು.

ಅವನು ತೊಳೆದುಕೊಂಡು ಬಂದು ಕೂತ. ಇಬ್ಬರಿಗೂ ಪರದೆ ಕಾಣಬೇಕಾದರೆ ಹತ್ತಿರ ಸರಿಯಲೇಬೇಕಿತ್ತು. ಅವಳು ದಿಂಬನ್ನು ತೆಗೆದು ಬೆನ್ನ ಹಿಂದೆ ಹಾಕಿಕೊಂಡು ಈಚೆಗೆ ಸರಿದಳು.

"ಏನಂತೀರಾ? ಕಪ್ಪೆನಾ, ಕುದುರೆನಾ?"

"ಈ ಸಲ ನಾನೇನೂ ಹೇಳಲ್ಲಪ್ಪ," ಅಂದ.

ಅವಳು ಬೆರಳಿಟ್ಟಳು. ಇಬ್ಬರೂ ಬಗ್ಗಿ ಕಾದರು. ಬಳೆ ತಿರುಗಲಿಲ್ಲ. ಎಡತುದಿಯಲ್ಲಿ ಅದೇ ಮೀಸೆ, ಅದೇ ಕೋಲು.

"ಬದಲಾಗ್ಲಿಲ್ಲ," ಅಂದ ಅವನು.

"ಒಂದು ಸರದಿ ನೋಡಿದ್ರೆ ಸಾಕಾಗಲ್ಲ," ಅಂದಳು ಹುಡುಗಿ. "ಈಗ ನೀವಾಡಿ. ಕೋಟೆ ಒಡೀಬೇಡಿ, ಆಟ ಮುಗಿದ್ಹೋಗತ್ತೆ. ಸುಮ್ನೆ ನಿಮ್ಮ ಸರದಿ ದಾಟಿಸಿ."

ಅವನು ತನ್ನ ಫೋನು ತೆಗೆದು ಸರದಿ ದಾಟಿಸಿದ. ಅವಳು ನೋಡಿ, ತನ್ನದನ್ನೂ ದಾಟಿಸಿದಳು. ಮತ್ತೆ ಅವನು, ಮತ್ತೆ ಅವಳು. ಯಾರೂ ಯಾರನ್ನೂ ಹೊಡೆಯದ ಅಂಥ ಆಟವನ್ನು ಯಾರೂ ಆಡಿರಲಾರರು. ಹೊರಗೆ ಬೀಗದ ಕೈ ತಡಕಾಡುವ ಸದ್ದಾಯಿತು. ಅಮ್ಮ ಬಂದಿದ್ದಳು.

"ಮೇಲೆತ್ತಿ ತಳ್ಳಮ್ಮಾ," ಎಂದು ಕೂಗಿದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ. ದ್ವಾರಪಾಲಕ ಕೋಲು ಹಿಡಿದು ಹಾಗೇ ನಿಂತಿದ್ದ.