ಲೆನ್ಸ್ ಬರುವ ತನಕ

ನಾನು ಒಂದು ಕ್ಯಾಮೆರಾ. ಮೈ ಕಪ್ಪು. ಬಲಗೈ ಹಿಡಿಯುವ ಜಾಗದ ರಬ್ಬರು ಸವೆದು ನುಣುಪಾಗಿದೆ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ, ಬಿಳಿ ಟೋಪಿ ಬಿಳಿ ಮುಸುಕಿನವರು ನನ್ನನ್ನು ಜೋಡಿಸಿದರು. ಪರೀಕ್ಷೆಗೆಂದು ಒಂದು ಗಳಿಗೆ ಲೆನ್ಸ್ ಸಿಕ್ಕಿಸಿದಾಗ ಅವರ ಕಣ್ಣುಗಳನ್ನು ಬಿಟ್ಟು ಬೇರೇನನ್ನೂ ನಾನು ನೋಡಲಿಲ್ಲ. ಹುಟ್ಟಿದ ದಿನವೇ ನನ್ನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಡಬ್ಬಿಯಲ್ಲಿಟ್ಟರು. ಕ್ಯಾಮೆರಾಕ್ಕೆ ಸ್ವಂತ ಕಣ್ಣಿಲ್ಲ. ಲೆನ್ಸ್ ಸಿಕ್ಕಿಸಿದರೆ ಮಾತ್ರ ಬೆಳಕು ಒಳಗೆ ಬರುತ್ತದೆ. ಎಂಥ ಲೆನ್ಸೋ ಅಂಥ ನೋಟ.

ನನ್ನನ್ನು ಮೊದಲು ಕೊಂಡವನು ದಾವಣಗೆರೆಯ ಒಬ್ಬ ಮದುವೆ ಫೋಟೋಗ್ರಾಫರ್. ಅವನ ಕೊರಳಲ್ಲಿ ನೇತಾಡುತ್ತ ಧಾರೆ, ಆರತಕ್ಷತೆ, ಊಟದ ಪಂಕ್ತಿ ಎಲ್ಲವನ್ನೂ ನೋಡಿದೆ. ಅವನಿಗೆ ನನಗಿಂತ ಹೊಸದು ಬೇಕಾಯಿತು. ಬಳ್ಳಾರಿಯ ಅಂಗಡಿಯೊಂದರಲ್ಲಿ ನನ್ನನ್ನು ಬಿಟ್ಟು ಹೊಸದನ್ನು ಎತ್ತಿಕೊಂಡು ಹೋದ. ತಿರುಗಿ ನೋಡಲಿಲ್ಲ. ಅಲ್ಲಿಂದ ನನ್ನನ್ನು ಕೊಂಡುಹೋದವನು ಪಂಪಾಪತಿ.

ಪಂಪಾಪತಿಯದು ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ ಒಂದು ಸಣ್ಣ ಸ್ಟುಡಿಯೋ. ಒಂದು ಸ್ಟೂಲು, ಎರಡು ಬೆಳಕಿನ ಛತ್ರಿ, ಗೋಡೆಗೆ ಹಂಸದ ಚಿತ್ರವಿರುವ ಪರದೆ. ಎತ್ತರದ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು. ಹೆಂಡತಿ ವಿಶಾಲಾಕ್ಷಿ ಬಂದವರ ಕಾಲರ್ ಸರಿಮಾಡುವಳು, ಮಕ್ಕಳ ತಲೆ ಬಾಚುವಳು, "ನಗಬ್ಯಾಡ, ಪಾಸ್‌ಪೋರ್ಟಿಗೆ ನಗಬಾರದು" ಅನ್ನುವಳು. ಕಣ್ಣು ಸ್ವಲ್ಪ ಮುಚ್ಚಿದರೂ ಪಂಪಾಪತಿ ಅದನ್ನು ಅಳಿಸಿ ಮತ್ತೊಂದು ತೆಗೆಯುತ್ತಿದ್ದ. ಹಾಗೆ ದಿನಗಳು ಹೋಗುತ್ತಿದ್ದವು. ಒಂದು ಮುಖ, ಇನ್ನೊಂದು ಮುಖ.

ಒಂದು ದಿನ ಪಿಂಚಣಿ ಅರ್ಜಿಗೆ ಫೋಟೋ ಬೇಕೆಂದು ಹುಲಿಗೆಮ್ಮ ಎಂಬ ಕುರಿ ಕಾಯುವ ಹೆಂಗಸು ಬಂದಳು. ಸ್ಟೂಲಿನ ಮೇಲೆ ಕೂತು ಹಿಂದಿನ ಪರದೆಯ ಹಂಸವನ್ನು ತಿರುತಿರುಗಿ ನೋಡಿದಳು.

"ಇದೇನು ದೊಡ್ಡ ಹಕ್ಕಿ ಅಂತ ಬರೆಸೀರಿ? ನಮ್ಮ ಎರೆಹೊಲಕ್ಕ ಬರ್ರಿ. ಎರ್ಲಡ್ಡು ಹಕ್ಕಿ ಕುಣಿಯಾದ ತೋರಸ್ತೀನಿ."

ಪಂಪಾಪತಿ ನಕ್ಕ. "ಎರ್ಲಡ್ಡು ಎಲ್ಲೈತಬೇ ಈಗ? ನಮ್ಮ ತಾತನ ಕಾಲಕ್ಕ ಮುಗೀತದು."

"ಒಂದೈತಿ" ಎಂದಳು ಹುಲಿಗೆಮ್ಮ.

ಮರುದಿನ ಬೆಳಿಗ್ಗೆ ಅವನು ನನ್ನನ್ನು ಕೊರಳಿಗೆ ಹಾಕಿಕೊಂಡು ಹೋದ. ಮುಂಗಾರಿನ ಮೊದಲ ಮಳೆ ಬಿದ್ದು ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಬಿತ್ತನೆಯಿಲ್ಲದ ಬೀಳು ಭೂಮಿ ಕಣ್ಣು ಹೋದಷ್ಟು ದೂರ ಚಾಚಿತ್ತು. ಹುಲಿಗೆಮ್ಮ ಒಂದು ಬದುವಿನ ಹತ್ತಿರ ಅವನ ತೋಳು ಹಿಡಿದು ನಿಲ್ಲಿಸಿದಳು.

"ಇದರಾಚೆ ಹೋಗಬ್ಯಾಡ್ರಿ. ಒಂದ್ಸಲ ಹೆದರಿದ್ರ ಮತ್ತ ಈ ಕಡಿಗೆ ಬರಾಂಗಿಲ್ಲ."

ದೂರದ ದಿಬ್ಬದ ಮೇಲೆ ಆ ಹಕ್ಕಿ ನಿಂತಿತ್ತು. ಕಂದು ಬೆನ್ನು, ಬಿಳಿಯ ಕೊರಳು, ತಲೆಯ ಮೇಲೆ ಕಪ್ಪು ಟೋಪಿ. ಅದು ಬಾಲವನ್ನು ಬೆನ್ನ ಮೇಲೆ ಮಡಚಿತು. ಕೊರಳಿನ ಚೀಲ ಗಾಳಿ ತುಂಬಿಕೊಂಡು ಕಾಲಿನವರೆಗೆ ಇಳಿಯಿತು. ಆಮೇಲೆ ದೊಡ್ಡ ಹಂಡೆಯ ಒಳಗಿಂದ ಬಂದಂಥ ಒಂದು ಸದ್ದು ಹೊಲವನ್ನು ದಾಟಿ ಬಂತು. ಪಂಪಾಪತಿಯ ಎದೆ ನನ್ನ ಬೆನ್ನಿಗೆ ತಾಗಿತ್ತು. ಅವನು ಉಸಿರು ಬಿಡುವುದನ್ನು ಮರೆತದ್ದು ನನಗೆ ಗೊತ್ತಾಯಿತು.

ಅವನು ಒತ್ತಿದ, ಮತ್ತೆ ಮತ್ತೆ ಒತ್ತಿದ. ನನ್ನಲ್ಲಿದ್ದದ್ದು ಮುಖ ತೆಗೆಯುವ ಸಣ್ಣ ಲೆನ್ಸು. ಮನೆಗೆ ಬಂದು ನೋಡಿದರೆ ಪ್ರತಿಯೊಂದರಲ್ಲೂ ಅಷ್ಟಗಲ ಕಪ್ಪು ನೆಲ, ಅಷ್ಟೆತ್ತರ ಮೋಡ, ನಡುವೆ ಎಳ್ಳುಕಾಳಿನಷ್ಟು ಒಂದು ಚುಕ್ಕಿ.

"ಇದು ಹಕ್ಕಿಗೆ ಮಾಡೋ ಅವಮಾನ" ಎಂದ. ಒಂದೊಂದಾಗಿ ಅಳಿಸತೊಡಗಿದ.

"ಇರ್ಲಿ ಬಿಡ್ರಿ, ನೀವು ನೋಡಿದ್ದಕ್ಕ ಗುರುತು" ಎಂದಳು ವಿಶಾಲಾಕ್ಷಿ.

"ತೆಗೆದ್ರ ಅದರ ಗರಿ ಗರಿ ಕಾಣಬೇಕು. ಇಲ್ಲಾಂದ್ರ ತೆಗೀಬಾರದು."

ಆ ವಾರವೇ ಬಳ್ಳಾರಿಯ ಅಂಗಡಿಗೆ ಹೋದ. ಅವನು ಕೇಳಿದ ಉದ್ದ ಲೆನ್ಸು ದೂರದ ಹಕ್ಕಿಯನ್ನು ಅಂಗಳಕ್ಕೆ ತಂದು ನಿಲ್ಲಿಸುವಂಥದ್ದು. ಅದಕ್ಕಾಗಿ ಗದ್ದೆಯಲ್ಲಿನ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು ಹಣ ತಂದಿದ್ದ. ಅಂಗಡಿಯವನು ಕೈಚೆಲ್ಲಿದ.

"ಕಂಪನಿಯವರು ಮಾಡೋದೇ ಕಮ್ಮಿ ಸಾರ್, ಕೇಳೋರು ದುನಿಯಾ ತುಂಬ. ಹೆಸರು ಬರ್ಕೊಂತೀನಿ. ಬಂದಾಗ ಫೋನ್ ಮಾಡ್ತೀನಿ."

ಅಲ್ಲಿಂದ ಕಾಯುವುದು ಶುರುವಾಯಿತು.

ಕಾಯುವುದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಅವನು ಫೋನ್ ಮಾಡುವನು, ಆ ಕಡೆಯವರು ಮುಂದಿನ ತಿಂಗಳು ಅನ್ನುವರು. ಒಮ್ಮೆ ಲೆನ್ಸು ಬಂತು, ಆದರೆ ಅವನಿಗಿಂತ ಮುಂಚೆ ಕೇಳಿದವರಿಗೆ ಹೋಯಿತು. ಇನ್ನೊಮ್ಮೆ ಹಡಗಿನಲ್ಲಿದೆ ಎಂದರು. ಅವನು ಲೆನ್ಸಿಗೆ ಮೊದಲೇ ಒಂದು ಮೆತ್ತೆಯ ಚೀಲ ಹೊಲಿಸಿಟ್ಟ. ಆ ಖಾಲಿ ಚೀಲ ಕಪಾಟಿನಲ್ಲಿ ನನ್ನ ಪಕ್ಕದಲ್ಲೇ ಇತ್ತು. ನಾನು ಮುಖಗಳನ್ನು ತೆಗೆಯುತ್ತ ಹೋದೆ. ಅವನ ಕೈ ನನ್ನ ಮೇಲಿದ್ದರೂ ಅವನು ಅಲ್ಲಿರುತ್ತಿರಲಿಲ್ಲ.

ಮುಂದಿನ ಮುಂಗಾರಿಗೆ ಹಕ್ಕಿ ಮತ್ತೆ ಬಂತು. ಪಂಪಾಪತಿ ಬೆಳಿಗ್ಗೆ ಬೆಳಿಗ್ಗೆ ಬದುವಿನ ಹತ್ತಿರ ಹೋಗಿ ಕೂರುತ್ತಿದ್ದ. ನಾನೂ ಅವನ ಮಡಿಲಲ್ಲಿರುತ್ತಿದ್ದೆ. ಆದರೆ ನನ್ನ ಮುಚ್ಚಳ ತೆಗೆಯುತ್ತಿರಲಿಲ್ಲ. ಆ ಹಂಡೆಯ ಸದ್ದು ಮಾತ್ರ ನನಗೆ ಕೇಳಿಸುತ್ತಿತ್ತು. ಒಂದು ದಿನ ವಿಶಾಲಾಕ್ಷಿಯೂ ಜೊತೆಗೆ ಬಂದಳು.

"ಎಷ್ಟು ಚಂದ ಕುಣೀತೈತಿ. ಒಂದಾದ್ರೂ ತೆಗೀರಿ" ಎಂದಳು.

"ಲೆನ್ಸ್ ಬರ್ಲಿ."

"ಬರದಿದ್ರ?"

"ಬರ್ತೈತಿ."

ಮಳೆ ನಿಂತ ಮೇಲೆ ಹಕ್ಕಿ ಎಲ್ಲಿಗೋ ಹೋಯಿತು.

ಹಿಂಗಾರಿನಲ್ಲಿ ಸಬೀಹಾ ಎಂಬ ಹುಡುಗಿ ಸ್ಟುಡಿಯೋ ಹುಡುಕಿಕೊಂಡು ಬಂದಳು. ಹಕ್ಕಿಗಳ ಅಧ್ಯಯನ ಮಾಡುವವಳು. ಊರೂರು ಅಲೆದು ಕಾಲಿನ ತುಂಬ ಮುಳ್ಳಿನ ಗೀರು. ಹುಲಿಗೆಮ್ಮನೇ ಅವಳನ್ನು ಕಳಿಸಿದ್ದಳು. ಆ ಬೀಳು ಭೂಮಿಯ ಮೇಲೆ ಗಾಳಿ ವಿದ್ಯುತ್ತಿನ ದೊಡ್ಡ ಲೈನು ಹಾದುಹೋಗಲಿದೆ ಎಂದು ಅವಳು ಹೇಳಿದಳು. ದೊಡ್ಡ ಮೈಯ ಎರ್ಲಡ್ಡು ತಂತಿಗೆ ಬಡಿದು ಸಾಯುತ್ತದೆ; ಅಳಿವಿನಂಚಿನ ಆ ಹಕ್ಕಿ ಅಲ್ಲಿಗೆ ಬರುತ್ತದೆ ಎಂದು ತೋರಿಸಿದರೆ ಲೈನನ್ನು ಪಕ್ಕಕ್ಕೆ ಸರಿಸಲು ಕೇಳಬಹುದು. ಆದರೆ ಈಗ ಹಕ್ಕಿ ಇಲ್ಲ, ಅದು ಬರುವ ಹೊತ್ತಿಗೆ ಕಂಬಗಳು ನಿಂತಿರುತ್ತವೆ. ಕುರಿ ಕಾಯುವವಳ ಮಾತನ್ನು ಯಾರೂ ಒಪ್ಪುತ್ತಿಲ್ಲ.

"ಎರಡು ವರ್ಷದಿಂದ ನೀವು ನೋಡ್ತಿದ್ದೀರಂತೆ ಸರ್. ನಿಮ್ಮ ಹತ್ರ ಇರೋ ಫೋಟೋ ಕೊಡಿ, ಸಾಕು."

ಪಂಪಾಪತಿ ನನ್ನನ್ನು ಬಟ್ಟೆಯಿಂದ ಒರೆಸುತ್ತಿದ್ದ. ಕೈ ನಿಂತಿತು.

"ಇಲ್ರಿ. ನನ್ನ ಲೆನ್ಸ್ ಸಣ್ಣದು. ಬರೀ ಚುಕ್ಕಿ ಬರ್ತಿತ್ತು. ಅಳಿಸಿಬಿಟ್ಟೆ."

"ಚುಕ್ಕಿಯಾದ್ರೂ ಸಾಕಿತ್ತು ಸರ್" ಎಂದಳು ಸಬೀಹಾ. "ತಾರೀಖು, ಜಾಗ, ಹಿಂದಿನ ದಿಬ್ಬ. ಆ ನಿಲುವು ನೋಡಿದ್ರೆ ಯಾವ ಹಕ್ಕಿ ಅಂತ ನಾವು ಹೇಳ್ತೀವಿ."

ಅವಳು ಗದರಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು ಹೋದಳು. ವಿಶಾಲಾಕ್ಷಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಪಂಪಾಪತಿ ನನ್ನನ್ನು ಒರೆಸುವುದನ್ನು ಮುಂದುವರಿಸಿದ. ನಾನು ಆಗಲೇ ಸ್ವಚ್ಛವಾಗಿದ್ದೆ. ಆದರೂ ಬಹಳ ಹೊತ್ತು ಒರೆಸಿದ.

ಕಂಬಗಳು ಬಂದವು. ತಂತಿಗಳೂ ಬಂದವು. ಬೇಸಿಗೆಯ ನಡುವೆ ಅಂಗಡಿಯವನ ಫೋನೂ ಬಂತು.

ಆ ಲೆನ್ಸು ತೋಳಿನಷ್ಟು ಉದ್ದವಿತ್ತು, ಕೂಸಿನಷ್ಟು ಭಾರ. ಪಂಪಾಪತಿ ಅದನ್ನು ನನಗೆ ಸಿಕ್ಕಿಸಿದಾಗ ಟಕ್ ಎಂದು ಕೂತಿತು. ಅಷ್ಟು ಬೆಳಕು ಒಮ್ಮೆಲೇ ಒಳಗೆ ಬಂದದ್ದು ನನಗೆ ಅದೇ ಮೊದಲು. ಬಸ್ ನಿಲ್ದಾಣದಾಚೆಯ ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆಯ ಕಣ್ಣಿನಲ್ಲಿ ಮೋಡದ ನೆರಳು ಕಂಡಿತು. "ನೋಡಿಲ್ಲಿ" ಎಂದು ಹೆಂಡತಿಯನ್ನು ಕರೆದ. ಅವಳು ನೋಡಿ "ಚೊಲೊ ಐತಿ" ಎಂದಳು. ಒಳಗೆ ಹೋದಳು. ನಾನು ಇಷ್ಟು ವರ್ಷ ಇದಕ್ಕೇ ಕಾದದ್ದು ಎಂದು ಯಾರಾದರೂ ಹೇಳಿದ್ದರೆ ಹೌದು ಎನ್ನುತ್ತಿದ್ದೆ. ಸಂತೋಷವಾಯಿತೇ ಎಂದು ಕೇಳಿದ್ದರೆ ಗೊತ್ತಿಲ್ಲ.

ಮುಂಗಾರು ಹತ್ತಿರವಾದಾಗ ದಿನವೂ ಬದುವಿಗೆ ಹೋದೆವು. ದಿಬ್ಬ ಖಾಲಿ. ತಂತಿಗಳ ಮೇಲೆ ಪುಟ್ಟ ಹಕ್ಕಿಗಳು ಕೂರುತ್ತಿದ್ದವು, ಅವುಗಳ ಗರಿ ಗರಿಯೂ ಕಾಣುತ್ತಿತ್ತು. ಪಂಪಾಪತಿ ಒತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೊಲದ ದಾರಿಯಲ್ಲೇ ಹುಲಿಗೆಮ್ಮ ಎದುರಾದಳು.

"ಬಂದೈತಿ" ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಅವನಿಗೆ ತಿಳಿಯಿತು.

ಹಕ್ಕಿ ತಂತಿಯ ಕೆಳಗೆ ಬಿದ್ದಿತ್ತು. ಒಂದು ರೆಕ್ಕೆ ಮೈಯ ಕೆಳಗೆ ಮಡಚಿಕೊಂಡಿತ್ತು, ಇನ್ನೊಂದು ಚಾಚಿತ್ತು. ಗರಿಗಳ ಮೇಲೆ ಮಳೆಹನಿ. ಪಂಪಾಪತಿ ಫೋನ್ ಮಾಡಿದ ಮೇಲೆ ವಿಶಾಲಾಕ್ಷಿ ಬಂದಳು, ಮಧ್ಯಾಹ್ನದ ಹೊತ್ತಿಗೆ ಸಬೀಹಾ ಬಂದಳು. ನೆಲದ ಮೇಲೆ ಕೂತು ಅದರ ರೆಕ್ಕೆ ಬಿಡಿಸಿ ಅಳೆದಳು.

"ಫೋಟೋ ಬೇಕು ಸರ್" ಎಂದಳು.

ಪಂಪಾಪತಿ ಹಕ್ಕಿಯ ಪಕ್ಕ ಮಂಡಿಯೂರಿದ. ನನ್ನನ್ನು ಕಣ್ಣಿಗೆ ಏರಿಸಿದ. ಎಲ್ಲ ಮಸುಕು. ಆ ಉದ್ದ ಲೆನ್ಸಿಗೆ ಹತ್ತಿರದ್ದು ಕಾಣುವುದಿಲ್ಲ. ಅದಕ್ಕೆ ದೂರ ಬೇಕು. ಅವನು ಒಂದೆರಡು ಸಲ ಉಂಗುರ ತಿರುಗಿಸಿದ. ಆಮೇಲೆ ಲೆನ್ಸನ್ನು ಬಿಚ್ಚಿ ವಿಶಾಲಾಕ್ಷಿಯ ಕೈಗೆ ಕೊಟ್ಟ. ಚೀಲದಿಂದ ಹಳೆಯ ಸಣ್ಣ ಲೆನ್ಸು ತೆಗೆದು ಹಾಕಿದ. ಕಪ್ಪು ಟೋಪಿ, ಕೊರಳು, ಕಾಲ್ಬೆರಳು, ಅರ್ಧ ತೆರೆದ ಕಣ್ಣು ಎಲ್ಲ ಸ್ಪಷ್ಟವಾಗಿ ಬಂತು. ಗರಿ ಗರಿ ಕಾಣುತ್ತಿತ್ತು.

"ಈ ಭಾಗದಲ್ಲಿ ಹೆಣ್ಣು ಹಕ್ಕಿ ಕಂಡು ತುಂಬಾ ವರ್ಷ ಆಗಿದೆ" ಎಂದಳು ಸಬೀಹಾ. "ಇದು ಗಂಡು, ಒಂಟಿಯಾಗಿತ್ತು."

"ಮತ್ತ ಯಾರಿಗೋಸ್ಕರ ಕುಣೀತಿತ್ತು?" ಎಂದು ಕೇಳಿದ ಪಂಪಾಪತಿ.

ಹುಲಿಗೆಮ್ಮ ತನ್ನ ಕಂಬಳಿಯ ತುದಿಯಿಂದ ಹಕ್ಕಿಯ ಮುಖದ ಮೇಲಿನ ಕೆಸರು ಒರೆಸಿದಳು.

ಆಮೇಲೆ ಅವನು ಅಳಲಿಲ್ಲ, ಬೈಯಲಿಲ್ಲ. ಮರುದಿನ ಸ್ಟುಡಿಯೋ ತೆರೆದ. ಮುಖ ಎತ್ತು, ಎಡಕ್ಕೆ, ಸಾಕು. ಉದ್ದ ಲೆನ್ಸು ತನ್ನ ಚೀಲದಲ್ಲಿ ಕೂತಿತ್ತು. ವಿಶಾಲಾಕ್ಷಿ ಒಮ್ಮೆ ಕೆರೆಯ ಕಡೆ ಹೋಗೋಣ, ಕೊಕ್ಕರೆ ಬಂದಾವ ಎಂದಳು. ಅವನು ತಲೆಯಾಡಿಸಿದ, ಹೋಗಲಿಲ್ಲ. ಬಳ್ಳಾರಿಯ ಅಂಗಡಿಯವನಿಗೆ ಫೋನ್ ಮಾಡಿ, ಕಾಯುತ್ತಿರುವವರು ಯಾರಾದರೂ ಇದ್ದರೆ ಕಳಿಸು ಎಂದ.

ಅದೇ ಸಂಜೆ ಹೊಸಪೇಟೆಯಿಂದ ಒಬ್ಬ ಹಲ್ಲಿನ ಡಾಕ್ಟರು ಕಾರಿನಲ್ಲಿ ಬಂದರು. ಲೆನ್ಸನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನಂತೆ ನಕ್ಕರು. ಎಷ್ಟೋ ಕಾಲದಿಂದ ಕಾಯ್ತಿದ್ದೆ, ನೀವು ದೇವರು ಬಂದ ಹಂಗ ಬಂದ್ರಿ ಎಂದರು.

"ಏನು ತೆಗೀತೀರಿ?" ಎಂದು ಕೇಳಿದ ಪಂಪಾಪತಿ.

"ನದಿಯಾಗ ನೀರುನಾಯಿ ಅದಾವರಿ. ಮರಿ ಹಾಕ್ಯಾವ. ಬಂಡೆ ಮ್ಯಾಲೆ ಆಡ್ತಾವ."

"ಈಗ ಅದಾವೇನು ಅಲ್ಲಿ?"

"ಹ್ಞೂಂ, ನಿನ್ನೆ ನೋಡೀನಿ."

"ಫೋಟೋ ತೆಗೆದ್ರೇನು?"

"ಎಲ್ಲಿ ತೆಗೆಯೋದ್ರಿ, ಈ ಲೆನ್ಸ್ ಬರ್ಲಿ ಅಂತ..."

ಪಂಪಾಪತಿ ಅವರ ಕೈಗೆ ಚೀಲವನ್ನೂ ಕೊಟ್ಟ. "ಹಂಗಾರ ಚಹಾಕ್ಕ ನಿಲ್ಲಬ್ಯಾಡ್ರಿ. ಹೊರಡ್ರಿ. ಇನ್ನೂ ಬೆಳಕೈತಿ."

ಡಾಕ್ಟರು ಅವನ ಮುಖ ನೋಡಿದರು. ಕಾರು ಹೊರಟುಹೋಯಿತು.

ಆಮೇಲೆಯೂ ಕೆಲವು ವರ್ಷ ನಾನು ಕೆಲಸ ಮಾಡಿದೆ. ಒಳಗಿನ ಶಟರ್ ಅರ್ಧಕ್ಕೆ ನಿಲ್ಲತೊಡಗಿದಾಗ ವಿಶಾಲಾಕ್ಷಿ ನನ್ನನ್ನು ಗಾಜಿನ ಕಪಾಟಿನ ಕೆಳಗಿನ ಹಲಗೆಯ ಮೇಲಿಟ್ಟಳು. ಪಕ್ಕದಲ್ಲಿ ಖಾಲಿ ಫ್ರೇಮುಗಳಿವೆ. ಬಾಯಿಗೆ ಮುಚ್ಚಳವಿದೆ, ಹಾಗಾಗಿ ಏನೂ ಕಾಣುವುದಿಲ್ಲ. ಜನ ಬಂದು ಕೂರುವುದು, ಎದ್ದು ಹೋಗುವುದು ಕೇಳಿಸುತ್ತದೆ. ತೆಗೆದ ಮುಖಗಳಲ್ಲಿ ಒಂದೂ ನನ್ನೊಳಗಿಲ್ಲ. ಕ್ಯಾಮೆರಾದಲ್ಲಿ ಏನೂ ಉಳಿಯುವುದಿಲ್ಲ, ಅದು ಹಾದುಹೋಗುವ ಜಾಗ ಮಾತ್ರ. ದುಃಖವಿದೆ ಎಂದು ಹೇಳಲಾರೆ. ಇದ್ದರೆ ಅದು ಎಲ್ಲಿದೆ ಎಂದು ಗೊತ್ತಿಲ್ಲ.

ಅಂಥ ಲೆನ್ಸಿಗಾಗಿ ಈಗಲೂ ಎಲ್ಲೋ ಯಾರೋ ಕಾಯುತ್ತಿರಬಹುದು. ಅವರಿಗೆ ಹೇಳಲು ನನ್ನಲ್ಲಿ ದೊಡ್ಡ ಮಾತಿಲ್ಲ. ಕೈಯಲ್ಲಿರುವ ಸಣ್ಣ ಲೆನ್ಸಿನಲ್ಲೇ ಒಂದು ತೆಗೆದಿಡಿ. ಮಸುಕಾಗಲಿ, ಚುಕ್ಕಿಯಾಗಲಿ. ಅಳಿಸಬೇಡಿ.