ಹನ್ನೆರಡು ಮಾರಿನ ಆಲ

ಶೇಷಗಿರಿ ಆಚಾರ್ಯರ ಬಾಯಿಂದ ‘ಸುಮಾರು’ ಎಂಬ ಮಾತು ಹೊರಬಿದ್ದದ್ದನ್ನು ಮಾನ್ವಿಯಲ್ಲಿ ಯಾರೂ ಕೇಳಿರಲಿಲ್ಲ. ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ, ಬಾವಿಗೆ ಎಷ್ಟು ಮೆಟ್ಟಿಲು, ನೆಂಟರ ಮನೆಯ ಮುಂಜಿವೆಯಲ್ಲಿ ಎಷ್ಟು ಎಲೆ ಬಿದ್ದವು ಎಂಬುದೆಲ್ಲ ಅವರಿಗೆ ಬಾಯಿಪಾಠ. ಚೈತ್ರದ ಬಿಸಿಲಲ್ಲೂ ಕೊರಳ ಗುಂಡಿ ಬಿಚ್ಚದ ಕರಿಯ ಕೋಟು, ಒಂದೇ ಅಳತೆಯ ಹೆಜ್ಜೆ, ಎಡಭುಜದ ಮೇಲೆ ಶಲ್ಯದ ಬದಲು ಪುಂಡಿನಾರಿನ ಹಗ್ಗ, ಅದಕ್ಕೆ ಮಾರಿಗೊಂದು, ಎಂದರೆ ಚಾಚಿದ ಎರಡು ತೋಳಿನಷ್ಟು ಉದ್ದಕ್ಕೊಂದು, ಗಂಟು. ಗಣಿತದ ಮೇಷ್ಟ್ರಾದ ಅವರನ್ನು ರಜೆಯ ದಿನಗಳಲ್ಲಿ ಸಿರವಾರದಿಂದ ದೇವದುರ್ಗದವರೆಗೆ ಬದುವಿನ ಜಗಳಗಳಿಗೆ ಕರೆಯುತ್ತಿದ್ದರು. ಅವರು ಹಗ್ಗ ಹಾಸಿ ಕಲ್ಲು ನೆಟ್ಟರೆಂದರೆ ಮರುಮಾತಿಲ್ಲ. ಆ ಹೆಮ್ಮೆ ಕೋಟಿಗಿಂತಲೂ ಬಿಗಿಯಾಗಿತ್ತು.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಉಡುಪಿಗೆ ಹೋಗಿಬಂದ ಆಚಾರ್ಯರು, ಆಗುಂಬೆಯ ಬಳಿ ಬಸ್ಸು ಕೆಟ್ಟು ನಿಂತಾಗ ಕಾಡಿನೊಳಗೆ ಕಂಡ ಮುದಿ ಆಲವೊಂದರ ವೃತ್ತಾಂತವನ್ನು ಊರಿಗೆ ತಂದರು. ಬೇರೊಂದು ಮರದ ನೆತ್ತಿಯಲ್ಲಿ ಮೊಳೆತು, ಬೇರಿಳಿಸಿ ಅದನ್ನು ಅಪ್ಪಿಕೊಂಡು, ಆ ಮರ ಸತ್ತು ಪುಡಿಯಾದ ಮೇಲೂ ಬರಿಯ ಬೇರಿನ ಗೋಪುರವಾಗಿ ನಿಂತ ಆಲ. ಒಳಗೆ ಎಂಟು ಜನ ಕೂತು ತಲೆಯೆತ್ತಿದರೆ ಆಕಾಶ. ಸುತ್ತಳತೆ ಹನ್ನೆರಡು ಮಾರು. ಒಳಗೆ ಮರವೇ ಇಲ್ಲದ ಮರ! ಮಾನ್ವಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಹೋಗಲಿ, ಬದುವಿಗೆ ಕರೆಯುವವರೂ ಕಡಿಮೆಯಾದರು; ಮರದ ವಿಷಯದಲ್ಲಿ ಬುರುಡೆ ಬಿಟ್ಟವನು ಹೊಲದ ವಿಷಯದಲ್ಲಿ ಬಿಡಲಾರನೇ? ನಾಲ್ಕು ವರ್ಷ ಸಹಿಸಿದ ಆಚಾರ್ಯರು ಕೊನೆಗೆ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಬಟ್ಟೆ ಅಂಗಡಿಯ ನಬೀಸಾಬರನ್ನೇ ಸಾಕ್ಷಿಗೆ ಹೊರಡಿಸಿದರು. ನಬೀಸಾಬರು ಬಟ್ಟೆ ಅಳೆಯುವ ಕಬ್ಬಿಣದ ಗಜವನ್ನೂ ಜೊತೆಗಿಟ್ಟುಕೊಂಡರು. ಅಂಗಡಿಯ ಕಟ್ಟೆಯ ಮೇಲೆ ಹಗ್ಗಕ್ಕೂ ಗಜಕ್ಕೂ ತಾಳೆ ನೋಡಿದಾಗ ಒಂದು ಮಾರಿಗೆ ಸರಿಯಾಗಿ ಎರಡು ಗಜ ಬಂತು.

ಮರ ಅಲ್ಲೇ ಇತ್ತು. ಜಿಟಿಜಿಟಿ ಮಳೆಯಲ್ಲಿ, ಕಾಲಿಗೆ ಹತ್ತಿದ ಜಿಗಣೆಗಳನ್ನು ಕಿತ್ತೊಗೆಯುತ್ತ ಬಂದ ನಬೀಸಾಬರು ಬೇರುಗಳ ಸಂದಿಯಿಂದ ಒಳಹೊಕ್ಕು ಮೇಲೆ ನೋಡಿ, ಬೇರಿನ ಗೋಡೆಯನ್ನು ಅಂಗೈಯಿಂದ ಸವರುತ್ತ ಒಂದು ಸುತ್ತು ಬಂದರು. ಹಗ್ಗ ಸುತ್ತಿದರೆ ಹನ್ನೆರಡು ಮಾರು. ಆಚಾರ್ಯರ ಎದೆ ಹಗುರವಾಯಿತು. ಆಮೇಲೆ ವ್ಯಾಪಾರಿಯ ಚಟಕ್ಕೆ ನಬೀಸಾಬರು ಎರಡು ಗಂಟುಗಳ ನಡುವೆ ಗಜವಿಟ್ಟರು. ಎರಡು ಗಜಕ್ಕೆ ನಾಲ್ಕು ಬೆರಳು ಕಡಿಮೆ. ಮುಂದಿನ ಗಂಟಿಗೂ ಅಷ್ಟೇ.

“ಆಚಾರ್ರ, ಮರ ಖರೇ ಅದರಿ. ನೆಂದು ಹಗ್ಗ ಕುಗ್ಗ್ಯದ. ಹನ್ನೆರಡಲ್ಲ, ಹನ್ನೊಂದೂವರಿ. ಬಿಡ್ರಿ, ಊರಾಗ ನಾ ಇದನ್ನ ಹೇಳಂಗಿಲ್ಲ.”

ಆಚಾರ್ಯರಿಗೆ ಆಗಲೇ ಮರ ಮರೆತುಹೋಗಿತ್ತು. ಹಗ್ಗ ನೆನೆಯುವಷ್ಟು ಹೊತ್ತು ಮಳೆಯೇ ಸುರಿಯದ ಸೀಮೆಯಲ್ಲಿ ಬಾಳಿದವರಿಗೆ ಅದು ಕುಗ್ಗುತ್ತದೆಂದು ಹೇಗೆ ತಿಳಿಯಬೇಕು? ಆದರೆ ಹತ್ತು ವರ್ಷದ ಹಿಂದೆ ಒಂದು ದಿನ, ಕಲ್ಲೂರಿನಲ್ಲಿ, ಬೆಳಗಿನಿಂದ ಸೋನೆ ಹಿಡಿದಿತ್ತು. ಅಯ್ಯಮ್ಮನೆಂಬ ವಿಧವೆಯ ಪಾಲಿನ ನಲವತ್ತು ಮಾರು ಅಳೆದು, ನೆರೆಯ ಕನಕರಾಯನ ಹೊಲದ ಕಡೆ ಅಂದು ಅವರು ಕಲ್ಲು ನೆಟ್ಟಿದ್ದರು. ಮಾರಿಗೆ ನಾಲ್ಕು ಬೆರಳಂತೆ ಅಲ್ಲೇ ಮಳೆಯಲ್ಲಿ ಲೆಕ್ಕ ಹಾಕಿದರು: ಒಂದೂವರೆ ಮಾರಿಗೂ ಹೆಚ್ಚು ಅವಳ ನೆಲ ಕನಕರಾಯನ ಪಾಲಾಗಿತ್ತು.

ಮಾನ್ವಿಯ ಜನ ಮರದ ಸುದ್ದಿ ಕೇಳಲು ಅಂಗಡಿಯ ಮುಂದೆ ನೆರೆದಿದ್ದಾಗ, ಆಚಾರ್ಯರು ನಬೀಸಾಬರ ಗಜ ಕೇಳಿ ಪಡೆದು ಕಲ್ಲೂರಿನ ದಾರಿ ಹಿಡಿದರು.

“ಯವ್ವಾ, ನಿನ್ನ ಹೊಲ ಅಳದದ್ದು ತಪ್ಪಾಗ್ಯದ” ಎಂದರು. ಕೋಟಿನ ಕೊರಳ ಗುಂಡಿ ಬಿಚ್ಚಿತ್ತು.

ಅಯ್ಯಮ್ಮ ಹೊಸ್ತಿಲಲ್ಲೇ ನಿಂತು ನೋಡಿದಳು. “ಕಮ್ಮಿ ಬಂದದಂತ ಆವತ್ತ ನಾ ಹೇಳಿದ್ನಲ್ಲ ಯಪ್ಪಾ. ನೀವೇ ಅಂದ್ರಿ, ನನ್ನ ಹಗ್ಗ ಸುಳ್ಳು ಹೇಳಂಗಿಲ್ಲಂತ.”

ಅವರಿಗೆ ನಾಚಿಕೆಯಾಯಿತು. ಹೊಲಕ್ಕೆ ನಡೆದರು. ಕನಕರಾಯ ಗೊಣಗಿದ, ಗಜದ ಲೆಕ್ಕ ಕಣ್ಣಾರೆ ಕಂಡು ಕೊನೆಗೆ ಕಲ್ಲು ಕೀಳಲು ಕೈಯನ್ನೂ ಹಚ್ಚಿದ. ಹಗ್ಗವನ್ನು ಆಚಾರ್ಯರು ಅಲ್ಲೇ ಬಿಟ್ಟು ಬಂದರು. ಅಯ್ಯಮ್ಮ ಅದರಲ್ಲಿ ಎಮ್ಮೆ ಕಟ್ಟಿದಳಂತೆ.

ಬದುವಿನ ಕರೆಗಳು ಮತ್ತೆ ಬರತೊಡಗಿದವು, ಮೊದಲಿಗಿಂತ ಹೆಚ್ಚಾಗಿ. ಮರದ ಅಳತೆ ಕೇಳಿದವರಿಗೆ ಅವರು “ಸುಮಾರು ಹನ್ನೊಂದೂವರಿ” ಎನ್ನುತ್ತಿದ್ದರು. ಊರೂರಿಗೆ ಅಳೆಯುವ ಜನ ಸಿಗುತ್ತಾರೆ. ತಾನು ಅಳೆದದ್ದನ್ನು ಮತ್ತೆ ಅಳೆಯಲು, ಯಾರೂ ಕರೆಯದೆ, ಬಿಸಿಲಲ್ಲಿ ನಡೆದು ಹೋಗುವವನು ತಲೆಮಾರಿಗೊಬ್ಬ. ಅವನು ಬಾಗಿಲಿಗೆ ಬರುವಾಗ ಹತ್ತು ವರ್ಷ ತಡವಾಗಿರುತ್ತದೆ, ಆದರೂ ಬಂದಿರುತ್ತಾನೆ.