ರುದ್ರೇಶ್ ಆರ್ಟ್ಸ್ ಆಡಿದ ಮಾತು

"ಆ ಹಲಗೆ ಬ್ಯಾಡ ಬಸವೇಶ, ಇಟ್ಬುಡು ಅಲ್ಲಿ!"

ಗಂಡನ ತಲೆಯ ಬಳಿ ಕೂತಿದ್ದ ಸುವರ್ಣಮ್ಮ ದಡಕ್ಕನೆ ಎದ್ದು ಬಂದು ಮೈದುನನ ಕೈಯಿಂದ ಪ್ಲೈವುಡ್ ಕಿತ್ತುಕೊಂಡಳು. ಹಾರ, ಊದುಕಡ್ಡಿ ಇಡಲು ಏನಾದರೂ ಬೇಕೆಂದು ಅವನು ಗೋಡೆಗೆ ಒರಗಿದ್ದುದನ್ನು ಎತ್ತಿದ್ದ. ತಿರುಗಿಸಿ ನೋಡಿರಲಿಲ್ಲ. ಹಲಗೆಯ ಆಚೆ ಬದಿಯಲ್ಲಿ, ಅಣ್ಣ ಬರೆದ ಚಿತ್ರದಲ್ಲಿ, ಶೆಟ್ಟಿಹಳ್ಳಿಯ ಹಾಳು ಚರ್ಚು ಹಿನ್ನೀರಿನಲ್ಲಿ ಸೊಂಟದ ತನಕ ಮುಳುಗಿ ನಿಂತಿತ್ತು.

"ಒಂದ್ ಗಳಿಗೆ ಕೂತ್ಕಳಿ ಅತ್ಗೆ. ಬೆಳಗ್ಗಿಂದ ಬರೀ ಒಳಕ್ಕೂ ಆಚೆಗೂ ಓಡಾಡ್ತಿದ್ದೀರಿ. ನೋಡ್ದೋರು ಏನಂದಾರು?"

"ಏನಾರ ಅಂದ್ಕಳ್ಳಿ."

ಕೂರಲು ಅವಳಿಂದ ಆಗುತ್ತಿರಲಿಲ್ಲ. ಹಿಂದಿನ ಸಂಜೆ ಕಾಫಿ ಕುಡಿದ ರುದ್ರೇಶ ಲೋಟ ಕೆಳಗಿಡುವ ಮೊದಲೇ ಎದೆ ಹಿಡಿದುಕೊಂಡಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗಿನಿಂದ ಅವಳ ಕಾಲು ಒಂದು ಕಡೆ ನಿಂತಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಅವನ ಫೋನು ಬೇರೆ ಟಿಣ್ ಟಿಣ್ ಎನ್ನುತ್ತಲೇ ಇತ್ತು.

"ಆಫ್ ಮಾಡಿ ಅದ್ನ," ಎಂದ ಬಸವೇಶ.

"ಬಳಗದೋರದು ಕಣಣ್ಣ," ಎಂದಳು ಪಕ್ಕದ ಮನೆಯ ಭವ್ಯಶ್ರೀ. "ಬೆಳಗ್ಗೆ ನಾನೇ ಸುದ್ದಿ ಹಾಕ್ದೆ. ಹಾಸನದಿಂದ, ಅರಕಲಗೂಡಿಂದ ಹೊರಟವ್ರಂತೆ."

"ಯಾವ ಬಳಗ? ನಮ್ಮಣ್ಣಂಗೆ ನಾವು ಬಿಟ್ರೆ ಇನ್ಯಾವ ಬಳಗ?"

ಸುವರ್ಣಮ್ಮ ಹಲಗೆಯನ್ನು ಒಳಗೆ ಒಯ್ದಳು.

*

ಹೊಳೆನರಸೀಪುರದ ಪೇಟೆಯಲ್ಲಿ ಒಂದು ಕಾಲಕ್ಕೆ ಯಾವ ಅಂಗಡಿಯ ಬೋರ್ಡು ನೋಡಿದರೂ ಮೂಲೆಯಲ್ಲಿ ಸಣ್ಣಗೆ 'ರುದ್ರೇಶ್ ಆರ್ಟ್ಸ್' ಎಂದಿರುತ್ತಿತ್ತು. ಫ್ಲೆಕ್ಸ್ ಬಂತು, ಬೋರ್ಡು ಬರೆಸುವವರು ಇಲ್ಲವಾದರು. ಉಳಿದ ಹಲಗೆ, ಉಳಿದ ಬಣ್ಣದಲ್ಲಿ ಅವನು ಚಿತ್ರ ಬರೆಯತೊಡಗಿದ. ಬರೆದದ್ದನ್ನೆಲ್ಲ ಮಂಚದ ಕೆಳಗೆ ತಳ್ಳುತ್ತಿದ್ದ.

ಅವುಗಳ ಫೋಟೊ ತೆಗೆದು 'ಬಣ್ಣದ ಜಗಲಿ'ಗೆ ಸೇರಿಸಿದವಳು ಭವ್ಯಶ್ರೀ. ಊರೂರಿನ ಕಲಾವಿದರು ತಮ್ಮ ಚಿತ್ರ ಹಾಕುವ ಆನ್‌ಲೈನ್ ಬಳಗ ಅದು. ಎರಡು ತಿಂಗಳಾದರೂ ರುದ್ರೇಶನ ಚಿತ್ರಗಳತ್ತ ಒಬ್ಬರೂ ತಿರುಗಿ ನೋಡಲಿಲ್ಲ.

"ಬರೀ ನಮ್ದು ಹಾಕ್ಬುಟ್ಟು ಬಂದ್ರೆ ಯಾರು ನೋಡ್ತಾರೆ ಅಂಕಲ್? ಜಗಲಿ ಅಂದ್ಮೇಲೆ ಕೂತ್ಕಂಡು ನಾಲ್ಕು ಮಾತಾಡ್ಬೇಕು. ಬೇರೆಯೋರ ಚಿತ್ರ ನೋಡಿ ಏನನ್ನಿಸ್ತದೋ ಬರೀರಿ. ಆಗ ಅವರೂ ನಿಮ್ಮತ್ರ ಬತ್ತಾರೆ."

"ನಂಗೆ ಬರಿಯಾಕ್ ಬರೋದು ಬೋರ್ಡು ಒಂದೇ ಕಣವ್ವ," ಎಂದು ರುದ್ರೇಶ ಎದ್ದುಹೋದ.

ಫೋನು ಸುವರ್ಣಮ್ಮನ ಕೈಯಲ್ಲಿ ಉಳಿಯಿತು. ಪಾತ್ರೆ ತೊಳೆದು ಹಿತ್ತಲ ಮೆಟ್ಟಿಲ ಮೇಲೆ ಕೂತು ಅವಳು ಒಂದೊಂದೇ ಚಿತ್ರ ನೋಡಿದಳು. ಅರಕಲಗೂಡಿನ ಅನ್ವಿತಾ ಎಂಬ ಹುಡುಗಿ ಮುಚ್ಚಿದ ಬಾಗಿಲೊಂದನ್ನು ಬರೆದಿದ್ದಳು. ಭವ್ಯಶ್ರೀ ಹೇಳಿಕೊಟ್ಟಂತೆ ಮೈಕಿನ ಗುರುತು ಒತ್ತಿ ಸುವರ್ಣಮ್ಮ ಹೇಳಿದಳು: "ಬಾಗ್ಲು ಚೆನ್ನಾಗೈತೆ. ಒಳಗ್ಯಾರೋ ಮುನಿಸ್ಕಂಡು ಕೂತಂಗೈತೆ." ಫೋನು ಅದನ್ನು ಅಕ್ಷರ ಮಾಡಿತು. ಅಕ್ಷರದ ಪಕ್ಕ ರುದ್ರೇಶ್ ಆರ್ಟ್ಸ್ ಎಂಬ ಹೆಸರು ಕೂತಿತು.

ಆ ಸಂಜೆಯೇ ಉತ್ತರ ಬಂತು. 'ಸರ್, ಅಮ್ಮನ ಜೊತೆ ಮಾತು ಬಿಟ್ಟಿದ್ದಾಗ ಬರೆದದ್ದು ಇದು. ನಿಮಗೆ ಹೇಗೆ ಗೊತ್ತಾಯ್ತು?'

ಆಮೇಲೆ ಅವಳಿಗೆ ಅದು ಹುಚ್ಚಿನಂತೆ ಹಿಡಿಯಿತು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಯಾರದೋ ಮರ, ಯಾರದೋ ಮುಖ ತಲೆಯಲ್ಲಿ ಸುತ್ತುತ್ತಿತ್ತು. ಅವಳ ಮಾತಿನ ಬೆನ್ನು ಹಿಡಿದು ಜನ ಬಂದರು, ರುದ್ರೇಶನ ಚಿತ್ರ ನೋಡಿದರು, ಕೊಂಡರು. ಅವನು ಬರೆದ ಚರ್ಚುಗಳಲ್ಲಿ ಒಂದು ಚನ್ನರಾಯಪಟ್ಟಣದ ಹೋಟೆಲೊಂದರ ಗೋಡೆ ಏರಿತು. ಯಾರಾದರೂ ಫೋನ್ ಮಾಡಿದರೆ ಅವನು ಹೂಂ, ಹೂಂ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದ.

"ಅಲ್ಲ ಕಣೇ, ಮಾತಾಡೋಳು ನೀನು, ಅವ್ರು ಕೈ ಮುಗಿಯೋದು ನಂಗೆ," ಎಂದು ಒಮ್ಮೆ ನಕ್ಕಿದ್ದ. "ನಿನ್ ಹೆಸ್ರೇ ಹಾಕ್ಕಳೆ."

"ಸುವರ್ಣಮ್ಮ ಅಂದ್ರೆ ಯಾರು ಓದ್ತಾರೆ? ನಿಮ್ ಚಿತ್ರ ನಾಲ್ಕು ಜನ ನೋಡಿದ್ರೆ ಸಾಕು, ಸುಮ್ಕಿರಿ."



*

ಹತ್ತು ಗಂಟೆಯ ಹೊತ್ತಿಗೆ ಕಾರೊಂದು ಬಂದು ನಿಂತಿತು. ಜಗಲಿಯನ್ನು ನಡೆಸುವ ಹಾಸನದ ಗಿರಿಧರ ಇಳಿದರು, ಹಿಂದೆಯೇ ಅನ್ವಿತಾ. ಹಾರ ಹಾಕಿ ಕೈಮುಗಿದ ಗಿರಿಧರ ಬಸವೇಶನ ಕಡೆ ತಿರುಗಿದರು.

"ನಾನು ಕುಂಚ ಮುಟ್ಟೋದೇ ಬಿಟ್ಟಿದ್ದೆ. ನನ್ನ ಹಳೇ ಚಿತ್ರವೊಂದರ ಕೆಳಗೆ ನಿಮ್ಮಣ್ಣ ಬರೆದಿದ್ರು, 'ಈ ಮರಕ್ಕೆ ಗಾಳಿ ಬಂದೈತೆ, ಎಲೆಗಿನ್ನೂ ತಿಳಿದಿಲ್ಲ' ಅಂತ. ಅವತ್ತೇ ಮತ್ತೆ ಶುರು ಮಾಡಿದೆ."

"ನಮ್ಮಣ್ಣ ಅಂಗಂದ್ನಾ?" ಬಸವೇಶ ಕಣ್ಣರಳಿಸಿದ. "ಸಾರಿಗೆ ಉಪ್ಪಿಲ್ದಿದ್ರೂ ಬಾಯ್ಬಿಡ್ತಿರಲಿಲ್ಲ ಸಾ ಅವ್ನು."

ಸೇರಿದ್ದವರೆಲ್ಲ ಹೆಣದ ಮುಖವನ್ನು ಹೊಸದಾಗಿ ನೋಡಿದರು. ತನ್ನ ಮಾತನ್ನೆಲ್ಲ ಕಟ್ಟಿಕೊಂಡು ಅವನು ಹೊರಟುಬಿಡುತ್ತಿದ್ದಾನೆ ಎಂದು ಸುವರ್ಣಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎದ್ದು ಒಳಗೆ ಹೋಗಿ ನೀರು ಕುಡಿದಳು, ಬಂದು ಕೂತಳು, ಮತ್ತೆ ಎದ್ದಳು.

"ಹೇಳ್ಬುಡ್ಲಾ ಆಂಟಿ?" ಭವ್ಯಶ್ರೀ ಕಿವಿಯಲ್ಲಿ ಕೇಳಿದಳು.

"ಬ್ಯಾಡ. ಹೆಣದ್ ಮುಂದೆ ಪಾಲು ಕೇಳ್ದಂಗಾಯ್ತದೆ."

ಗಿರಿಧರ ಅವಳ ಬಳಿ ಬಂದು ಬಗ್ಗಿ ಹೇಳಿದರು: "ಅವರ ಪುಟವನ್ನ ಹಾಗೇ ನೆನಪಿಗೆ ಉಳಿಸ್ತೀವಿ ಅಮ್ಮ. ಚಿತ್ರಗಳೆಲ್ಲ ಇರುತ್ತೆ. ಬರವಣಿಗೆ ಮಾತ್ರ ಇವತ್ತಿಗೆ ನಿಲ್ಲಿಸ್ತೀವಿ. ಇನ್ನು ಬರೆಯೋರು ಯಾರಿದ್ದಾರೆ?"

ಅವಳು ಸೊಂಟದ ಫೋನನ್ನು ಮುಟ್ಟಿಕೊಂಡಳು. ಅಷ್ಟರಲ್ಲಿ ಬಸವೇಶ "ಒತ್ತಾಯ್ತು, ಎತ್ರಪ್ಪ" ಎಂದ. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಬೀದಿಯ ತಿರುವಿನಲ್ಲಿ ತಮಟೆಯ ಸದ್ದು ಕರಗುವ ತನಕ ಸುವರ್ಣಮ್ಮ ಬಾಗಿಲು ಹಿಡಿದು ನಿಂತಿದ್ದಳು.

ಹೆಂಗಸರು ಮನೆ ತೊಳೆಯಲು ನೀರು ಹೊತ್ತರು. ಅನ್ವಿತಾ ಹೋಗಿರಲಿಲ್ಲ. ಹಿತ್ತಲ ಮೆಟ್ಟಿಲಿನ ಮೇಲೆ ಒಬ್ಬಳೇ ಕೂತು ಅಳುತ್ತಿದ್ದಳು. ಸುವರ್ಣಮ್ಮ ಹೋಗಿ ಪಕ್ಕದಲ್ಲಿ ಕೂತಳು.

"ಇದನ್ನ ಸರ್‌ಗೆ ತೋರಿಸಬೇಕು ಅಂತಿದ್ದೆ ಅಮ್ಮ. ಅವರು ಏನಂತಾರೋ ಕೇಳಿಕೊಂಡೇ ಜಗಲಿಗೆ ಹಾಕೋಣ ಅಂತ ಇಟ್ಟುಕೊಂಡಿದ್ದೆ. ಇನ್ನು ಯಾರನ್ನ ಕೇಳಲಿ?"

ಅವಳು ಕೈಗಿತ್ತ ಫೋನಿನಲ್ಲಿ ಖಾಲಿ ಅಂಗಳ, ಒಂದು ತಂತಿ, ತಂತಿಯ ಮೇಲೆ ಒಂದು ಸೀರೆ. ಸುವರ್ಣಮ್ಮ ಸುಮ್ಮನೆ ನೋಡಿದಳು. ಫೋನನ್ನು ಹಿಂದಿರುಗಿಸಲು ಹೋದಳು, ಕೈ ಬರಲಿಲ್ಲ.

"ಒಣಗಿ ಬಾಳ ಒತ್ತಾಗೈತೆ ಈ ಸೀರೆ," ಎಂದಳು ಮೆಲ್ಲಗೆ. "ಎಳ್ಕಳೋರು ಬಂದಿಲ್ಲ, ಅಷ್ಟೇಯ."

ಅನ್ವಿತಾಳ ಅಳು ಗಕ್ಕನೆ ನಿಂತಿತು. ತಿರುಗಿ ಸುವರ್ಣಮ್ಮನ ಮುಖವನ್ನೇ ನೋಡಿದಳು. ಬಕೆಟ್ಟು ಹಿಡಿದು ಬರುತ್ತಿದ್ದ ಭವ್ಯಶ್ರೀ ಬಾಗಿಲಲ್ಲೇ ನಿಂತಳು. ಅನ್ವಿತಾ ಫೋನನ್ನು ತೆಗೆದುಕೊಳ್ಳದೆ, ಬೆರಳಿನಿಂದ ಮುಂದಿನ ಚಿತ್ರಕ್ಕೆ ಸರಿಸಿ, ಇನ್ನಷ್ಟು ಹತ್ತಿರಕ್ಕೆ ಸರಿದು ಕೂತಳು. ಸುವರ್ಣಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳಲ್ಲಿ ಚಿತ್ರವನ್ನು ದೊಡ್ಡದು ಮಾಡಿದಳು.